ಗೇಮ್ ಡಿಲೀಟ್ ಮಾಡಿ ಕೊಡಿ ಅಂತ ಬರುವವರಿಗೆ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇದೆ. ಡಿಸ್‌ಪ್ಲೇ ಒಡೆದದ್ದು, ಚಾರ್ಜ್ ಆಗದ್ದು, ತೋಟದ ಕೆರೆಗೆ ಬಿದ್ದದ್ದು ಎಲ್ಲ ರಿಪೇರಿಗೆ ಬರುತ್ತದೆ. ಈಗೀಗ ಮಕ್ಕಳೂ ರಿಪೇರಿಗೆ ಬರುತ್ತಿದ್ದಾರೆ. ಅಪ್ಪನೋ ಅಮ್ಮನೋ ಕೌಂಟರ್ ಮೇಲೆ ಫೋನ್ ಇಟ್ಟು ಕೇಳುವುದು ಒಂದೇ: "ಈ ಗುಂಡು ಹೊಡೆಯುವ ಗೇಮ್ ಆಡಿ ಹುಡುಗ ಹಾಳಾದ. ನಾಳೆ ಯಾರಿಗಾದರೂ ಹೊಡೆದರೆ? ಇದು ಇನ್ನು ಬಾರದ ಹಾಗೆ ಮಾಡಿ ಕೊಡ್ತೀರಾ?"

ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದು ಹಾಕುತ್ತೇನೆ. ಇನ್ನು ಕೇಳಿದವರಿಗೆ ವಾಟ್ಸಾಪಿನಲ್ಲಿ ಇದನ್ನೇ ಕಳಿಸುವುದು.

ಬಾರದ ಹಾಗೆ ಮಾಡಲು ಆಗುವುದಿಲ್ಲ. ಡಿಲೀಟ್ ಮಾಡಿದರೆ ಫೋನಿನಿಂದ ಗೇಮ್ ಹೋಗುತ್ತದೆ, ಅಷ್ಟೇ. ಅವನ ಐಡಿ, ರ‍್ಯಾಂಕ್, ಗೆದ್ದ ಬಣ್ಣದ ಗನ್ ಎಲ್ಲ ಕಂಪನಿಯ ಸರ್ವರಿನಲ್ಲಿ ಇರುತ್ತದೆ. ಗೆಳೆಯನ ಫೋನಿನಲ್ಲಿ ಲಾಗಿನ್ ಆದರೆ ಮುಗಿಯಿತು. ನೀವು ಬಸ್ಸು ಹತ್ತುವ ಮೊದಲೇ ಅವನು ವಾಪಸ್ ಆಡುತ್ತಿರುತ್ತಾನೆ.

ಇನ್ನು ನಾಳೆ ಯಾರಿಗಾದರೂ ಹೊಡೆಯುವ ವಿಚಾರ. ಹೀಗೆ ಹೆದರಿದವರೊಬ್ಬರ ಮನೆಯಲ್ಲಿ ಹಂದಿಗೆ ಅಂತ ಲೈಸೆನ್ಸ್ ಕೋವಿ ಇದೆ. ಕೃಷಿ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು 2022ರಲ್ಲಿ ಕೇರಳ ಸರ್ಕಾರ ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಾಗ ಅವರ ಖುಷಿ ನೋಡಬೇಕಿತ್ತು. ಇನ್ನೊಬ್ಬರ ಫೋನು ಕೋಳಿ ಅಂಕದ ದಿನ ಸ್ವಿಚ್ ಆಫ್. ಮತ್ತೆ ನಾವೆಲ್ಲ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು. ದೇವಿಮಹಾತ್ಮೆ ಬಯಲಾಟದಲ್ಲಿ ಮಹಿಷಾಸುರ ದೊಂದಿ ಹಿಡಿದು ಬೊಬ್ಬೆ ಹಾಕಿಕೊಂಡು ಜನರ ನಡುವೆ ಬರುವಾಗ, ಚಾಪೆಯಲ್ಲಿ ನಿದ್ದೆ ಹೋದ ಮಗುವನ್ನು ಅಲ್ಲಾಡಿಸಿ ಎಬ್ಬಿಸುವವರು ಯಾರು? ನಾವೇ ಅಲ್ವಾ?

"ಅದು ಪುರಾಣ, ಇದು ಬೇರೆ" ಅಂತೀರಿ. ಬೇರೆಯೇ, ಒಪ್ಪುತ್ತೇನೆ. ಅಲ್ಲಿ ನೋಡುವುದು ಮಾತ್ರ, ಇಲ್ಲಿ ಟ್ರಿಗರ್ ಒತ್ತುವುದು ಅವನದೇ ಬೆರಳು. ಅದಕ್ಕೇ ಅಮೆರಿಕದಲ್ಲಿ ಮೂವತ್ತು ವರ್ಷದಿಂದ ಇದೇ ಜಗಳ. 1993ರಲ್ಲಿ ಸೆನೆಟ್ಟಿನಲ್ಲೇ ವಿಚಾರಣೆ ನಡೆಯಿತು. ಮರುವರ್ಷ ಗೇಮುಗಳಿಗೆ ವಯಸ್ಸಿನ ಚೀಟಿ ಹಚ್ಚುವ ಮಂಡಳಿ ಬಂತು. ಅಲ್ಲಿನ ಮನಶ್ಶಾಸ್ತ್ರಜ್ಞರ ದೊಡ್ಡ ಸಂಘ 2020ರಲ್ಲಿ ಹೇಳಿದ್ದು ಇಷ್ಟು: ಹಿಂಸೆಯ ಗೇಮಿನಿಂದ ನಿಜವಾದ ಹಿಂಸಾಚಾರ ಆಗುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ, ಕೂಗುವುದು, ದೂಡುವುದು ಇಂಥದ್ದರ ಜೊತೆ ಸಣ್ಣ ಸಂಬಂಧ ಇದೆ. ಕೂಗುವುದು ನಿಮ್ಮ ಮನೆಯಲ್ಲಿ ಗೇಮ್ ಬರುವ ಮೊದಲೂ ಇತ್ತಲ್ವಾ? ಸುಮ್ನೆ ಕೇಳಿದೆ.

ಆಮೇಲೆ ಬರುವುದು, "ಸರ್ಕಾರವೇ ಪಬ್‌ಜಿ ಬ್ಯಾನ್ ಮಾಡಿತ್ತಲ್ಲ?" ಮಾಡಿತ್ತು. 2020ರ ಸೆಪ್ಟೆಂಬರಿನಲ್ಲಿ 118 ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಇತ್ತು. ನಿಮ್ಮ ಮಗ ಕಡಿಮೆ ಮಾರ್ಕು ತೆಗೆದ ಅಂತ ಅಲ್ಲ. ಚೀನಾ ಗಡಿಯಲ್ಲಿ ಗಲಾಟೆ ನಡೆದ ವರ್ಷ ಅದು. ಕಾರಣ ಕೊಟ್ಟದ್ದು ದೇಶದ ಭದ್ರತೆ ಮತ್ತು ಡೇಟಾ. ಮರುವರ್ಷ ಅದೇ ಗೇಮ್ ಬಿಜಿಎಂಐ ಅಂತ ಬಂತು. 2022ರಲ್ಲಿ ಅದನ್ನೂ ತೆಗೆದರು, 2023ರಲ್ಲಿ ಮತ್ತೆ ಬಂತು. ಹದಿನೆಂಟರ ಕೆಳಗಿನವರಿಗೆ ದಿನಕ್ಕೆ ಮೂರು ಗಂಟೆ ಅಂತ ಮಿತಿ ಇದೆ. ರಕ್ತದ ಬಣ್ಣ ಹಸಿರು. ಹೆತ್ತವರ ಫೋನಿಗೆ ಒಟಿಪಿ ಬರಬೇಕು ಅಂತಲೂ ನಿಯಮ. ಬರುತ್ತದೆ. "ಅಮ್ಮಾ, ಒಂದು ನಂಬರ್ ಬಂದಿದೆ, ಹೇಳು" ಅಂತಾನೆ. ದೋಸೆ ಮಗುಚುತ್ತಾ ಅಮ್ಮ ಓದಿ ಹೇಳುತ್ತಾಳೆ.

ನನಗೆ ಮರೆಯದ ಗಿರಾಕಿ ಒಬ್ಬರಿದ್ದಾರೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳುತ್ತೇನೆ. ಪ್ಲಸ್ ವನ್ ಹುಡುಗ, ಅಮ್ಮ, ಮತ್ತು ಬೋಟಿಮ್ ಆ್ಯಪಿನ ವಿಡಿಯೋ ಕಾಲಿನಲ್ಲಿ ಶಾರ್ಜಾದಿಂದ ಅಪ್ಪ. ಅಮ್ಮನ ಫೋನನ್ನು ಕೌಂಟರಿನಲ್ಲಿ ನೀರಿನ ಬಾಟ್ಲಿಗೆ ಒರಗಿಸಿ ಇಟ್ಟಿದ್ದರು. ಅಪ್ಪ ಅದರೊಳಗಿಂದ ನನಗೇ ಬೈಯುತ್ತಿದ್ದರು. ನಿಮ್ಮಂಥವರು ಮಾರುವುದರಿಂದಲೇ ಇದೆಲ್ಲ ಅಂತೆ. (ನಾನು ಬೆರಳಿಗೆ ಹಾಕುವ ಗೇಮಿಂಗ್ ಸ್ಲೀವ್ ಮಾರುತ್ತೇನೆ, ನಿಜ. ಕೊರೋನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಅರ್ಜೆಂಟ್ ಮಾಡಿ ಫೋನ್ ಒಯ್ದವರು ಯಾರು ಅಂತ ನಾನೂ ಕೇಳಬಹುದಿತ್ತು.)

ಅಮ್ಮನ ದೂರು ಬೇರೆ. "ರಾತ್ರಿ ಹನ್ನೊಂದಕ್ಕೆ ಬೊಬ್ಬೆ ಹಾಕ್ತಾನೆ. ಕೊಲ್ಲು, ಹಿಂದೆ ಇದ್ದಾನೆ, ಕೊಲ್ಲು ಅಂತ. ಊಟಕ್ಕೆ ಕರೆದರೆ ಎರಡು ನಿಮಿಷ ಅಂತಾನೆ, ಅರ್ಧ ಗಂಟೆ ಆಗ್ತದೆ. ನಿನ್ನೆ ಫೋನ್ ಎಳೆದು ತೆಗೆದೆ, ಅತ್ತುಬಿಟ್ಟ. ಇಷ್ಟು ದೊಡ್ಡ ಹುಡುಗ!"

ಹುಡುಗ ಆಗ ಮಾತ್ರ ಬಾಯಿ ಬಿಟ್ಟ. "ಮ್ಯಾಚ್ ನಡುವೆ ನಿಲ್ಲಿಸ್ಲಿಕ್ಕೆ ಆಗುದಿಲ್ಲಮ್ಮ. ನಾವು ನಾಲ್ಕು ಜನ. ನಾನು ಬಿಟ್ಟರೆ ಅವರು ಮೂರೇ ಜನ ಆಡ್ಬೇಕು."

ಇದು ನಿಜ. ಈ ಗೇಮನ್ನು ಸಿನಿಮಾದ ಹಾಗೆ ತಡೆದು ನಿಲ್ಲಿಸಲು ಆಗುವುದಿಲ್ಲ. ಒಂದು ಮ್ಯಾಚು ಅರ್ಧ ಗಂಟೆಯವರೆಗೂ ಹೋಗುತ್ತದೆ. ನೀವು ಫೋನ್ ಎಳೆದಾಗ ಅವನ ಪಾಲಿಗೆ ಆಟ ನಿಂತದ್ದಲ್ಲ, ಗೆಳೆಯರನ್ನು ನಡುದಾರಿಯಲ್ಲಿ ಬಿಟ್ಟು ಓಡಿದ್ದು. ಅಳು ಬಂದದ್ದು ಅದಕ್ಕೆ.

"ಉಳಿದ ಮೂರು ಜನ ಯಾರು?" ಅಂತ ಅಮ್ಮನನ್ನೇ ಕೇಳಿದೆ. ಗೊತ್ತಿಲ್ಲ. ಅಪ್ಪನಿಗೂ ಗೊತ್ತಿಲ್ಲ. ಹುಡುಗ ನೆಲ ನೋಡಿದ. ಕೊನೆಗೆ ಹೇಳಿದ: ಇಬ್ಬರು ಕ್ಲಾಸಿನವರು, ಮತ್ತೊಬ್ಬ ಪುತ್ತೂರಿನ ಮಾವನ ಮಗ.

ಅಮ್ಮ ಗಪ್‌ಚಿಪ್. ಅವರಿಗೂ ಪುತ್ತೂರಿನ ಅಣ್ಣನಿಗೂ ಪಾಲಿನ ವಿಷಯದಲ್ಲಿ ಮಾತು ನಿಂತು ವರ್ಷಗಳಾಗಿವೆ ಅಂತ ನನಗೆ ಆಮೇಲೆ ಗೊತ್ತಾಯಿತು. ಮದುವೆ, ಉಪನಯನಕ್ಕೂ ಹೋಗಿ ಬರುವುದಿಲ್ಲ. ಇಲ್ಲಿ ನೋಡಿದರೆ ಮಕ್ಕಳು ದಿನಾ ರಾತ್ರಿ ಒಂದೇ ಪಾರ್ಟಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಆಡುತ್ತಿದ್ದಾರೆ.

ಬಾಟ್ಲಿಗೆ ಒರಗಿದ ಅಪ್ಪ, "ಯಾರಂತೆ? ಸರಿ ಕೇಳುದಿಲ್ಲ" ಅಂದರು.

"ಶಾಲೆಯವರಂತೆ" ಅಂದರು ಅಮ್ಮ. ಫೋನ್ ಎತ್ತಿ ಬ್ಯಾಗಿಗೆ ಹಾಕಿಕೊಂಡರು. ಅವತ್ತು ಡಿಲೀಟ್ ಮಾಡಿಸಲಿಲ್ಲ.

ಎಲ್ಲರ ಮನೆಯಲ್ಲೂ ಹೀಗೆ ಮಾವನ ಮಗನೇ ಸಿಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಗುರುತಿಲ್ಲದ ದೊಡ್ಡವನೂ ಇರಬಹುದು. ಹದಿನಾರರ ಹುಡುಗನಿಗೆ ಮೈಕಿನಲ್ಲಿ ಹೊಲಸು ಬೈಗುಳ ಕಲಿಸುವವನು, ಐಡಿ ಮಾರ್ತೀಯಾ ಅಂತ ಹಣದ ಆಸೆ ತೋರಿಸುವವನು ಇರಬಹುದು. ನನಗೆ ಭಯ ಅವನದ್ದು, ಪರದೆಯ ಮೇಲಿನ ಗನ್ನಿನದ್ದಲ್ಲ. ಆದರೆ ಯಾರ ಜೊತೆ ಆಡ್ತಾನೆ, ಅದನ್ನು ನೋಡುವುದು ಹೇಗೆ ಅಂತ ಕೇಳಿಕೊಂಡು ನನ್ನ ಅಂಗಡಿಗೆ ಯಾರೂ ಬರುವುದಿಲ್ಲ. ಕೇಳಿದರೆ ಗೇಮ್ ತೆರೆದು ಫ್ರೆಂಡ್ಸ್ ಪಟ್ಟಿ ತೋರಿಸಿ ಕೊಡುತ್ತೇನೆ, ಖರ್ಚಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಗೇಮಿನ ಚಟವನ್ನು ಕಾಯಿಲೆ ಅಂತ ತನ್ನ ಪಟ್ಟಿಗೆ ಸೇರಿಸಿದೆ. 2022ರಿಂದ ಜಾರಿಯಲ್ಲಿದೆ. ಅದರಲ್ಲಿ ನೋಡುವುದು ಕೈಮೀರಿ ಹೋಗಿದೆಯಾ, ಊಟ ಓದು ನಿದ್ದೆಗಿಂತ ಅದೇ ಮೇಲಾಗಿದೆಯಾ, ನಷ್ಟ ಕಂಡರೂ ಬಿಡಲು ಆಗುತ್ತಿಲ್ಲವಾ ಅಂತ. ಅದೂ ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದರೆ. ಗುಂಡು, ರಕ್ತದ ಸುದ್ದಿಯೇ ಅಲ್ಲಿಲ್ಲ. ಮೂರಕ್ಕೂ ನಿಮ್ಮ ಉತ್ತರ ಹೌದು ಅಂತಾದರೆ ಮೊಬೈಲ್ ಅಂಗಡಿಗೆ ಬರಬೇಡಿ, ಡಾಕ್ಟರ ಹತ್ತಿರ ಹೋಗಿ. ನಾನು ಬೋರ್ಡು ಬದಲಿಸುವವನು.

ಹಾಗಲ್ಲ, ಬರೀ ರಾತ್ರಿ ಊಟದ ಜಗಳ ಅಂತಾದರೆ ಒಂಬತ್ತಕ್ಕೆ ಊಟ ಅಂತ ಎಂಟೂವರೆಗೆ ಮೊದಲೇ ಹೇಳಿ. ಹೊಸ ಮ್ಯಾಚ್ ಶುರು ಮಾಡಬೇಡ ಅಂತ ಹೇಳಿದರೆ ಕೇಳುತ್ತಾನೆ, ನಡೆಯುತ್ತಿರುವುದನ್ನು ಬಿಡು ಅಂದರೆ ಕೇಳುವುದಿಲ್ಲ. ಆ ಫೋನಿನಲ್ಲಿ ನಿಮ್ಮ ಯುಪಿಐ ಇದ್ದರೆ ಇವತ್ತೇ ತೆಗೆಯಿರಿ.

ಇಷ್ಟಾದ ಮೇಲೂ ಡಿಲೀಟ್ ಮಾಡಲೇಬೇಕು ಅಂದರೆ ತನ್ನಿ, ಮಾಡಿ ಕೊಡುತ್ತೇನೆ. ಪ್ಲೇ ಸ್ಟೋರಿಗೆ ಪಿನ್ನೂ ಹಾಕಿ ಕೊಡುತ್ತೇನೆ. ನಂಬರ್ ಮಾತ್ರ ನೀವೇ ಒತ್ತಬೇಕು. ಮಗ ಹುಟ್ಟಿದ ವರ್ಷ ಬೇಡ, ಅವನಿಗೆ ಅದು ಗೊತ್ತಿದೆ.