ಹೊಲಿಗೆ ಯಂತ್ರದ ಮೇಲಿದ್ದ ಹಾಸಿಗೆ

ಹಿರಿಯೂರು ಕಡೆಯ ಒಂದು ಧರ್ಮಾರ್ಥ ಟ್ರಸ್ಟಿನ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷಗಳಿಂದ ಹೊಲಿಗೆ ಕಲಿಸುತ್ತಿದ್ದೇನೆ. ಮೂರು ತಿಂಗಳ ತರಗತಿ, ಶುಲ್ಕವಿಲ್ಲ. ಮುಗಿಸಿದವರಿಗೆ ದಾನಿಗಳ ಹಣದಲ್ಲಿ ಕಾಲಿನಿಂದ ತುಳಿಯುವ ಒಂದು ಯಂತ್ರ. ಪ್ರಮಾಣಪತ್ರ ವಿತರಣೆಯ ದಿನ ವೇದಿಕೆಯ ಮೇಲೆ ಸಾಲಾಗಿ ನಿಂತ ಹೆಣ್ಣುಮಕ್ಕಳನ್ನು ನೋಡಿ ಕಣ್ಣು ತುಂಬಿ ಬರುತ್ತಿತ್ತು. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೆ.

ಆರು ವರ್ಷಗಳ ಹಿಂದೆ ಒಂದು ಮದುವೆಗೆ ಹೋದವಳು ಅದೇ ಊರಿನ ಹಳೆಯ ವಿದ್ಯಾರ್ಥಿನಿಯ ಮನೆಗೆ ಹೋದೆ. ರವಿಕೆಯ ಕೊರಳು ತಿರುಗಿಸುವುದರಲ್ಲಿ ಅವಳನ್ನು ಮೀರಿಸುವವರು ಆ ತಂಡದಲ್ಲಿ ಇರಲಿಲ್ಲ. ಮನೆಯ ಮೂಲೆಯಲ್ಲಿ ನಾವು ಕೊಟ್ಟ ಯಂತ್ರವಿತ್ತು. ಅದರ ಮೇಲೆ ಮಡಚಿಟ್ಟ ಹಾಸಿಗೆ, ಹಾಸಿಗೆಯ ಮೇಲೆ ದಿಂಬು. ಏನೂ ಕೇಳದೆ ಕಾಫಿ ಕುಡಿದೆ. ಅವಳೇ ಹೇಳಿದಳು: “ಬರುವವರೆಲ್ಲ ಅತ್ತೆ, ಚಿಕ್ಕಮ್ಮ, ಓರಗಿತ್ತಿಯ ತಂಗಿ. ದುಡ್ಡು ಹೇಗೆ ಕೇಳಲಿ ಮೇಡಂ? ಹೊರಗಿನವರ ಬಟ್ಟೆಗೆ ಕತ್ತರಿ ಹಾಕಲು ಕೈ ನಡುಗುತ್ತದೆ.”

ಅವಳು ಹೇಳಿದ ಎರಡು ಮಾತುಗಳಿಗೂ ನಮ್ಮ ಪಾಠದಲ್ಲಿ ಉತ್ತರವಿರಲಿಲ್ಲ. ಆಮೇಲೆ ಬಿಡುವಾದಾಗಲೆಲ್ಲ ಹಳೆಯ ವಿದ್ಯಾರ್ಥಿನಿಯರ ಮನೆಗಳಿಗೆ ಹೋಗತೊಡಗಿದೆ. ಹಾಸಿಗೆ ಹೊತ್ತ ಯಂತ್ರಗಳು ಇನ್ನೂ ಹಲವು ಸಿಕ್ಕವು.

ಕತ್ತರಿಯ ಭಯದ ಕಾರಣ ಬೇಗ ತಿಳಿಯಿತು. ಮೂರು ತಿಂಗಳೂ ಅವರು ಕತ್ತರಿಸುತ್ತಿದ್ದದ್ದು ಹಳೆಯ ದಿನಪತ್ರಿಕೆ ಮತ್ತು ಹಳೆಯ ಪಂಚೆ. ರೇಷ್ಮೆ ಸೀರೆಯ ಜೊತೆ ಬಂದ ರವಿಕೆ ಕಣ ಹಾಳಾದರೆ ಅಂಥದ್ದು ಇನ್ನೊಂದು ಸಿಗುವುದಿಲ್ಲ. ಆ ಜವಾಬ್ದಾರಿಯನ್ನು ಅವರು ನಮ್ಮ ಕಣ್ಣೆದುರಿನಲ್ಲಿ ಒಮ್ಮೆಯೂ ಹೊತ್ತಿರಲಿಲ್ಲ. ಈಗ ಕೊನೆಯ ಮೂರು ವಾರ ಊರಿನವರಿಂದಲೇ ಬಟ್ಟೆ ಪಡೆಯುತ್ತೇವೆ. ಅಳತೆ ತೆಗೆಯುವುದು, ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡುವುದು, ಕತ್ತರಿಸುವುದು, ಕಂಕುಳಲ್ಲಿ ಹಿಡಿಯಿತು ಎಂದು ವಾಪಸು ಬಂದರೆ ಬಿಚ್ಚಿ ಸರಿಪಡಿಸುವುದು ಎಲ್ಲ ಅವರದೇ. ಬಟ್ಟೆ ಹಾಳಾದರೆ ಹಣ ಕೇಂದ್ರದ್ದು. ‘ಹಾಳಾದ ಬಟ್ಟೆಗೆ ಪರಿಹಾರ’ ಎಂದು ಲೆಕ್ಕದಲ್ಲಿ ಒಂದು ಸಾಲು ಸೇರಿಸಿದಾಗ ದಾನಿಯೊಬ್ಬರು ಮುಖ ಗಂಟಿಕ್ಕಿದರು. ಯಂತ್ರ ಕೊಟ್ಟರೆ ಫೋಟೊ ತೆಗೆಯಬಹುದು, ಹಾಳಾದ ರವಿಕೆಯ ಫೋಟೊ ಯಾರಿಗೆ ತೋರಿಸುವುದು? ಅವರನ್ನು ಆ ಮನೆಗೇ ಕರೆದುಕೊಂಡು ಹೋದೆ. ಯಂತ್ರದ ಮೇಲಿನ ಹಾಸಿಗೆಯನ್ನು ನೋಡಿದ ಮೇಲೆ ಒಪ್ಪಿದರು.

ಹಣ ಕೇಳುವ ಸಂಕೋಚ ಇದಕ್ಕಿಂತ ಗಟ್ಟಿ. ಮೊದಲು ನಾನು ಧೈರ್ಯ ಹೇಳುತ್ತಿದ್ದೆ. ಅದರಿಂದ ಏನೂ ಆಗಲಿಲ್ಲ. ಲೆಕ್ಕ ಬರೆಸಿದಾಗ ಆಯಿತು. ಒಬ್ಬಳು ಲೈನಿಂಗ್ ರವಿಕೆಗೆ 120 ರೂಪಾಯಿ ಪಡೆಯುತ್ತಿದ್ದಳು, ಲೈನಿಂಗ್ ಬಟ್ಟೆಯೂ ಅವಳದೇ. ಬಟ್ಟೆಗೆ 60, ನೂಲು ಮತ್ತು ಹುಕ್ಕಿಗೆ 10. ಉಳಿದ 50 ರೂಪಾಯಿಗೆ ಸುಮಾರು ನಾಲ್ಕು ಗಂಟೆಯ ದುಡಿಮೆ. ಕಳೆ ಕೀಳಲು ಹೋದರೆ ಅರ್ಧ ದಿನಕ್ಕೆ ಎಷ್ಟು ಸಿಗುತ್ತದೆಂದು ಅವಳಿಗೇ ಗೊತ್ತಿತ್ತು. ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಳು. ಈಗ ದರಪಟ್ಟಿಯನ್ನು ವಿದ್ಯಾರ್ಥಿನಿಯರೇ ಕೂಡಿ ನಿಗದಿ ಮಾಡುತ್ತಾರೆ. ಕೇಂದ್ರದ ಮುದ್ರೆ ಹಾಕಿದ ಒಂದೊಂದು ಪ್ರತಿ ಪ್ರತಿಯೊಬ್ಬರ ಬಾಗಿಲಲ್ಲಿ ತೂಗುತ್ತದೆ. ಚಿಕ್ಕಮ್ಮನ ಎದುರು ಬಾಯಿ ಬಿಡಬೇಕಾಗಿಲ್ಲ, ಆ ಪಟ್ಟಿಯ ಕಡೆ ನೋಡಿದರೆ ಸಾಕು.

ಇನ್ನೊಂದು ವಿಷಯವನ್ನು ಈ ಹೆಣ್ಣುಮಕ್ಕಳಿಂದಲೇ ಕಲಿತೆ. ನಾವು ರವಿಕೆಯನ್ನೇ ದೊಡ್ಡ ವಿದ್ಯೆ ಎಂದು ಕಲಿಸುತ್ತಿದ್ದೆವು. ದಿನದ ಖರ್ಚಿಗೆ ಕೈಹಿಡಿಯುವುದು ಸೀರೆಗೆ ಫಾಲ್ ಹಾಕುವುದು, ಜಿಗ್‌ಜಾಗ್, ಸೆರಗಿಗೆ ಕುಚ್ಚು ಕಟ್ಟುವುದು. ಕುಚ್ಚಿಗೆ ಯಂತ್ರವೂ ಬೇಡ, ಮಗುವನ್ನು ಮಲಗಿಸಿ ಪಕ್ಕದಲ್ಲೇ ಕುಳಿತು ಕಟ್ಟಬಹುದು. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಕೈತುಂಬ ಕೆಲಸವಿರುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ರವಿಕೆ ಹೊಲಿಸುವವರೂ ಕಡಿಮೆ. ಆ ತಿಂಗಳನ್ನು ಲಂಗ, ನೈಟಿ, ಶಾಲೆಯ ಸಮವಸ್ತ್ರ ದಾಟಿಸುತ್ತವೆ. ಈ ವರ್ಷಚಕ್ರವನ್ನು ಈಗ ಮೊದಲ ವಾರವೇ ಹಲಗೆಯ ಮೇಲೆ ಬರೆಯುತ್ತೇನೆ.

ತರಬೇತಿ ಮುಗಿದ ಮೇಲೂ ಬೆನ್ನ ಹಿಂದೆ ನಿಲ್ಲಬೇಕೆಂಬುದು ನಾನು ಕಂಡುಹಿಡಿದದ್ದಲ್ಲ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಕ್ರಮವೇ ಅದು: ಕಡಿಮೆ ದಿನಗಳ ಉಚಿತ ತರಬೇತಿ, ಆಮೇಲೆ ದೀರ್ಘ ಕಾಲದ ಅನುಸರಣೆ. ದೇಶದ ಬೇರೆ ಬೇರೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿಗೆ ಅದೇ ಮಾದರಿಯಾಯಿತು. ಇಷ್ಟು ಹತ್ತಿರದಲ್ಲಿದ್ದ ಪಾಠವನ್ನು ಐದು ವರ್ಷ ತಡವಾಗಿ ಓದಿದೆನಲ್ಲ ಎಂಬ ನೋವು ನನಗಿದೆ. ಆ ಐದು ವರ್ಷಗಳ ತಂಡಗಳಲ್ಲಿದ್ದವರಲ್ಲಿ ಕೆಲವರ ಮನೆಗೆ ಇನ್ನೂ ಹೋಗಲು ಆಗಿಲ್ಲ. ಪಟ್ಟಿ ನನ್ನ ಮೇಜಿನ ಮೇಲಿದೆ, ಪ್ರತಿ ಎರಡನೆಯ ಶನಿವಾರ ಒಂದೆರಡು ಹೆಸರುಗಳ ಮುಂದೆ ಗುರುತು ಹಾಕುತ್ತೇನೆ.

ಕೊರಳು ಚೆನ್ನಾಗಿ ತಿರುಗಿಸುತ್ತಿದ್ದ ಆ ಹುಡುಗಿ ಹೊಸ ತಂಡದವರ ಜೊತೆ ಮತ್ತೆ ಮೂರು ವಾರ ಕುಳಿತಳು. ಮೊದಲ ದಿನ ನೀಲಿ ರೇಷ್ಮೆಯ ಕಣದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದಳು. ನಾನು ಪಕ್ಕದಲ್ಲೇ ನಿಂತಿದ್ದೆ. “ನೀವು ಆ ಕಡೆ ಹೋಗಿ ಮೇಡಂ” ಎಂದಳು. ಬಾಗಿಲ ಬಳಿ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಕತ್ತರಿಯ ಸದ್ದು ಕೇಳಿಸಿತು.