ಮನೆ ಸಾಮಾನು ಗಡಿ ದಾಟುವಾಗ

ಹೊರದೇಶಕ್ಕೆ ಸಂಸಾರ ಸಮೇತ ನೆಲೆ ಬದಲಿಸಲು ಹೊರಟ ಬಂಧುಗಳೂ ಸ್ನೇಹಿತರೂ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: “ಸಾಮಾನು ನಮ್ಮದೇ, ವರ್ಷಗಟ್ಟಲೆ ಬಳಸಿದ್ದೂ ನಾವೇ, ಅದಕ್ಕೂ ಸುಂಕ ಕಟ್ಟಬೇಕೇ?” ಬಹುಪಾಲು ಸಂದರ್ಭಗಳಲ್ಲಿ ಕಟ್ಟಬೇಕಾಗಿಲ್ಲ. ಆದರೆ ಕಾನೂನಿನ ಕಣ್ಣಿಗೆ ಗಡಿ ದಾಟಿ ಒಳಬರುವ ಹಳೆಯ ಕಂಬಳಿಯೂ ಆಮದು ಮಾಲೇ. ನಮ್ಮ ವಸ್ತುಗಳಿಗೆ ಸಿಗುವುದು ಷರತ್ತುಗಳಿಗೆ ಒಳಪಟ್ಟ ವಿನಾಯಿತಿ, ಮತ್ತು ಆ ಷರತ್ತುಗಳು ಪೂರೈಸಿವೆ ಎಂದು ಕಾಗದದ ಮೇಲೆ ತೋರಿಸುವ ಹೊಣೆ ಸಾಮಾನಿನ ಒಡೆಯರದು. ಈ ಮಾತು ಮನಸ್ಸಿಗೆ ಇಳಿದರೆ ಮುಂದಿನ ಕೆಲಸ ಅರ್ಧ ಹಗುರವಾಗುತ್ತದೆ.

ಪ್ರಯಾಣಿಕರಾಗಿ ಹೋಗಿ ಮರಳುವವರ ವಿಷಯ ಸರಳ. 1999ರಲ್ಲಿ ಪರಿಷ್ಕೃತಗೊಂಡು 2006ರಲ್ಲಿ ಜಾರಿಗೆ ಬಂದ ಕ್ಯೋಟೋ ಕಸ್ಟಮ್ಸ್ ಒಪ್ಪಂದವು, ಬಟ್ಟೆಬರೆಗಳ ಜೊತೆಗೆ ಮೈಮೇಲಿನ ಒಡವೆ, ಕ್ಯಾಮೆರಾ, ಕೈಯಲ್ಲಿ ಒಯ್ಯಬಹುದಾದ ಸಂಗೀತವಾದ್ಯ, ಕಂಪ್ಯೂಟರ್, ಮಕ್ಕಳ ತಳ್ಳುಗಾಡಿ, ಗಾಲಿಕುರ್ಚಿ ಇವೆಲ್ಲವನ್ನೂ ಹೊರಗಿನಿಂದ ಬಂದವರ ವೈಯಕ್ತಿಕ ವಸ್ತುಗಳೆಂದೇ ಪರಿಗಣಿಸುತ್ತದೆ. ವಿಮಾನ ನಿಲ್ದಾಣಗಳ ಕೆಂಪು ಮತ್ತು ಹಸಿರು ಚಾನೆಲ್‌ಗಳ ಪದ್ಧತಿಗೂ ಅದೇ ಒಪ್ಪಂದದ ಬೆಂಬಲವಿದೆ. ಹಸಿರು ಚಾನೆಲ್‌ನೊಳಗೆ ಕಾಲಿಡುವುದೆಂದರೆ ‘ಘೋಷಿಸುವಂಥದ್ದು ನನ್ನ ಬಳಿ ಏನೂ ಇಲ್ಲ’ ಎಂದು ಬಾಯಿಬಿಡದೆಯೇ ಹೇಳಿದಂತೆ ಎಂಬುದನ್ನು ಮಾತ್ರ ಯಾರೂ ಮರೆಯಬಾರದು.

ನೆಲೆಯನ್ನೇ ಬದಲಿಸುವವರಿಗೆ ನಿಯಮಗಳು ಬಿಗಿಯಾಗಿರುತ್ತವೆ. ಐರೋಪ್ಯ ಒಕ್ಕೂಟದ 2009ರ ನಿಯಮಾವಳಿಯ ಪ್ರಕಾರ, ಒಕ್ಕೂಟದ ಹೊರಗೆ ಸತತವಾಗಿ ಕನಿಷ್ಠ 12 ತಿಂಗಳು ವಾಸವಾಗಿದ್ದವರು, ಕನಿಷ್ಠ 6 ತಿಂಗಳಿನಿಂದ ತಮ್ಮ ಬಳಿಯಿದ್ದು ಬಳಕೆಯಲ್ಲಿರುವ ಸಾಮಾನನ್ನು, ಹೊಸ ನೆಲೆ ಹೂಡಿದ 12 ತಿಂಗಳೊಳಗೆ ಸುಂಕವಿಲ್ಲದೆ ತರಬಹುದು. ಮದ್ಯಕ್ಕೂ ತಂಬಾಕಿಗೂ ಈ ವಿನಾಯಿತಿ ಇಲ್ಲ. ಅಮೆರಿಕದಲ್ಲಿ ಗೃಹೋಪಯೋಗಿ ವಸ್ತುಗಳಿಗೆ ಕೇಳುವುದು ಒಂದು ವರ್ಷದ ಬಳಕೆ. ಹೊರಡುವ ಮುಂಚೆ ಮನೆಗೆಲ್ಲ ಹೊಸ ಸಾಮಾನು ಕೊಂಡು ಹಡಗಿಗೆ ಹಾಕುವ ಉತ್ಸಾಹ ಏಕೆ ದುಬಾರಿಯಾಗುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಪೆಟ್ಟಿಗೆ ಒಡೆಯದ ಟಿವಿಯನ್ನು ‘ಬಳಸಿದ್ದು’ ಎಂದು ಬರೆದರೆ ಅದು ಸುಳ್ಳು ಘೋಷಣೆಯಾಗುತ್ತದೆ, ಮತ್ತು ಆ ಒಂದು ಸುಳ್ಳು ಉಳಿದ ಎಲ್ಲ ಪೆಟ್ಟಿಗೆಗಳ ಮೇಲೂ ಅನುಮಾನ ತರುತ್ತದೆ.

ನಾನು ಕಂಡಂತೆ ಈ ಇಡೀ ವ್ಯವಹಾರದ ಜೀವಾಳ ಸಾಮಾನಿನ ಪಟ್ಟಿ. ಸಾಗಣೆ ಕಂಪನಿಯವರು ಪೆಟ್ಟಿಗೆಗಳಿಗೆ ನಂಬರ್ ಹಾಕಿ, ಒಂದು ಹಾಳೆಯಲ್ಲಿ ‘ಅಡುಗೆಮನೆ’, ‘ಪುಸ್ತಕ’, ‘ಇತರೆ’ ಎಂದು ಬರೆದು ನಮ್ಮ ಸಹಿ ಪಡೆಯುತ್ತಾರೆ. ಅದು ಅವರ ಕೆಲಸಕ್ಕೆ ಸಾಕು, ಕಸ್ಟಮ್ಸ್‌ಗೆ ಸಾಲದು. ಪ್ರತಿ ಪೆಟ್ಟಿಗೆಯಲ್ಲಿ ಏನಿದೆ, ಎಷ್ಟಿದೆ, ಯಾವಾಗ ಕೊಂಡದ್ದು, ಈಗಿನ ಬೆಲೆ ಸುಮಾರು ಎಷ್ಟು ಎಂಬುದನ್ನು ಪ್ಯಾಕಿಂಗ್ ನಡೆಯುತ್ತಿರುವಾಗಲೇ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ಬರೆಯಬೇಕು. ವಿದ್ಯುತ್ ಉಪಕರಣಗಳ ಸೀರಿಯಲ್ ನಂಬರನ್ನೂ ಬರೆದಿಡಬೇಕು. ನಮ್ಮ ಸಾಮಾನು ತಲುಪಿದಾಗ ಗೋದಾಮಿನಲ್ಲಿ ಅಧಿಕಾರಿಯೊಬ್ಬರು ಪಟ್ಟಿ ಹಿಡಿದು ಕಂಟೇನರಿನ ಬಾಗಿಲಲ್ಲಿ ನಿಂತು, ಎದುರಿನ ಸಾಲನ್ನು ಬಿಟ್ಟು ಹಿಂದಿನಿಂದ ಒಂದು ಪೆಟ್ಟಿಗೆ ತೆಗೆಸಿದರು. ಟೇಪು ಕತ್ತರಿಸಿ, ಮೇಲಿದ್ದ ಟವೆಲುಗಳನ್ನು ಪಕ್ಕಕ್ಕಿಟ್ಟು, ಹೊಲಿಗೆ ಯಂತ್ರವನ್ನು ಹೊರಳಿಸಿ, ಅದರ ತಳದ ನಂಬರನ್ನು ಪಟ್ಟಿಯಲ್ಲಿದ್ದ ನಂಬರಿನ ಜೊತೆ ಒಂದೊಂದೇ ಅಂಕಿಗೆ ಬೆರಳಿಟ್ಟು ತಾಳೆ ನೋಡಿದರು. ತಾಳೆಯಾಯಿತು. ಬೇರೆ ಯಾವ ಪೆಟ್ಟಿಗೆಯನ್ನೂ ಅವರು ಬಿಚ್ಚಿಸಲಿಲ್ಲ. ತಾಳೆಯಾಗದೆ ಪೂರ್ಣ ತಪಾಸಣೆಗೆ ಹೋದರೆ ಗೋದಾಮಿನ ಬಾಡಿಗೆಯೂ, ಕಂಟೇನರನ್ನು ಅವಧಿ ಮೀರಿ ತಡೆಹಿಡಿದದ್ದಕ್ಕೆ ಬೀಳುವ ಡಿಮರೇಜ್ ಶುಲ್ಕವೂ ದಿನದ ಲೆಕ್ಕದಲ್ಲಿ ಏರುತ್ತವೆ, ಅದನ್ನು ತೆರುವವರು ನಾವೇ.

ಬೆಲೆಯ ವಿಚಾರದಲ್ಲಿ ಇನ್ನೊಂದು ಮಾತು. ವಿಮೆಗೆಂದು ಒಂದು ಮೊತ್ತ, ಕಸ್ಟಮ್ಸ್‌ಗೆಂದು ಅದರ ಕಾಲುಭಾಗ ಎಂದು ಎರಡು ಲೆಕ್ಕ ಬರೆಯುವವರಿದ್ದಾರೆ. ಎರಡೂ ಕಾಗದಗಳು ಒಂದೇ ಮೇಜಿನ ಮೇಲೆ ಬಂದಾಗ ಅದಕ್ಕೆ ಸಮಜಾಯಿಷಿ ಕೊಡುವುದು ಬಹಳ ಕಷ್ಟ.

ಸುಂಕಕ್ಕೆ ಸಂಬಂಧಿಸದ ತಡೆಗಳೂ ಇವೆ. ಮರದ ಪೆಟ್ಟಿಗೆಯಲ್ಲಿ ಸಾಮಾನು ಹೋಗುವುದಾದರೆ ಅದರ ಮೇಲೆ ಗೋಧಿತೆನೆಯ ಮುದ್ರೆ ಇದೆಯೇ ಎಂದು ನೋಡಿಕೊಳ್ಳಬೇಕು; ಮರದೊಳಗಿನ ಹುಳುಗಳು ಸಾಯುವಂತೆ ಅದರ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಿಸುವುದು ಈ ಮುದ್ರೆಗೆ ದಾರಿಯಾಗುವ ಮುಖ್ಯ ಸಂಸ್ಕರಣೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2017ರಲ್ಲಿ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳನ್ನೆಲ್ಲ ತನ್ನ ಹತೋಟಿಗೆ ತಂದಾಗ, ಸಂಗೀತಗಾರರು ತಮ್ಮ ವಾದ್ಯಗಳೊಡನೆ ಗಡಿ ದಾಟಲು ಅಂಜುವಂತಾಗಿತ್ತು. ಸಿದ್ಧಗೊಂಡ ವಾದ್ಯಗಳಿಗೆ 2019ರಲ್ಲಿ ರಿಯಾಯಿತಿ ಸಿಕ್ಕಿತು; ಆದರೆ ಆನೆದಂತಕ್ಕೂ, 1992ರಿಂದ ಅತಿ ಕಟ್ಟುನಿಟ್ಟಿನ ರಕ್ಷಣೆಯಲ್ಲಿರುವ ಬ್ರೆಜಿಲ್‌ನ ಬೀಟೆಗೂ ಅದು ಅನ್ವಯಿಸುವುದಿಲ್ಲ. ಅಜ್ಜ-ಅಜ್ಜಿಯರ ಕಾಲದ ದಂತದ ವಸ್ತು ಎಷ್ಟೇ ಪ್ರಿಯವಾದದ್ದಾದರೂ ಪರವಾನಗಿ ಕೈಗೆ ಬರುವವರೆಗೆ ಅದನ್ನು ಮನೆಯಲ್ಲೇ ಇರಿಸುವುದು ಲೇಸು.

ನಗದಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅಮೆರಿಕದಲ್ಲಿ 10,000 ಡಾಲರ್ ಮೀರಿದರೆ, ಐರೋಪ್ಯ ಒಕ್ಕೂಟದಲ್ಲಿ 10,000 ಯೂರೋ ಮುಟ್ಟಿದರೆ ಘೋಷಿಸಬೇಕು ಎಂದಷ್ಟೇ ನಿಯಮ ಹೇಳುತ್ತದೆ. ಹೆಚ್ಚು ಹಣ ತರುವುದೇ ಅಪರಾಧವಲ್ಲ. ಒಕ್ಕೂಟದಲ್ಲಿ ಚಿನ್ನದ ಗಟ್ಟಿಯೂ ಶೇ. 90ಕ್ಕೆ ಕಡಿಮೆಯಿಲ್ಲದಷ್ಟು ಚಿನ್ನವಿರುವ ನಾಣ್ಯಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಇನ್ನು ಪರಿಚಯದವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಲು ದಯವಿಟ್ಟು ಒಪ್ಪಬೇಡಿ: ನಿಮ್ಮ ಚೀಲದಲ್ಲಿ ಸಿಕ್ಕಿದ್ದಕ್ಕೆ ಮೊದಲು ಉತ್ತರ ಹೇಳಬೇಕಾದವರು ನೀವು.

ಬಿಡುಗಡೆಯಾದ ಸಾಮಾನು ಮನೆ ಸೇರಿತೆಂದು ಕಾಗದಗಳನ್ನು ಎಸೆಯಬಾರದು. ಐರೋಪ್ಯ ನಿಯಮದಂತೆ ವಿನಾಯಿತಿ ಪಡೆದ ವಸ್ತುವನ್ನು 12 ತಿಂಗಳವರೆಗೆ ಮಾರುವುದಿರಲಿ, ಪುಕ್ಕಟೆಯಾಗಿ ಕೊಡುವುದಕ್ಕೂ ಬಾಡಿಗೆಗೆ ಬಿಡುವುದಕ್ಕೂ ಅಡ ಇಡುವುದಕ್ಕೂ ಕಸ್ಟಮ್ಸ್‌ಗೆ ಮುಂಚಿತವಾಗಿ ತಿಳಿಸಬೇಕು, ಬಿಟ್ಟುಕೊಟ್ಟ ಸುಂಕವನ್ನು ಆಗ ಕಟ್ಟಬೇಕು. ಹೊಸ ಮನೆಯ ಕೋಣೆಗೆ ಹಿಡಿಸದ ಮಂಚವನ್ನು ನೆರೆಯವರಿಗೆ ದಾಟಿಸುವ ಮೊದಲು ಬಿಡುಗಡೆ ಪತ್ರದ ತಾರೀಖನ್ನು ಒಮ್ಮೆ ತೆರೆದು ನೋಡಿ.