ಪಾಠದ ವರ್ಷದಲ್ಲಿ ಸಂಶೋಧನೆಗೆ ಜಾಗ

ಮಾನವಿಕ ವಿಭಾಗದಲ್ಲಿ ಪಾಠ ಮಾಡುವವರ ಸಂಶೋಧನೆಯನ್ನು ಹೆಚ್ಚಾಗಿ ನುಂಗುವುದು ಮೌಲ್ಯಮಾಪನ. 60 ಪ್ರಬಂಧ, ಒಂದಕ್ಕೆ 20 ನಿಮಿಷ, ಅಲ್ಲಿಗೆ 20 ಗಂಟೆ ಹೋಯಿತು. ಸೆಮಿಸ್ಟರ್ ಶುರುವಾಗುವ ಮೊದಲೇ ಆ ವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆಗ ಬರವಣಿಗೆಯ ಆಸೆ ಬೇಡ.

ಹಳೆಯ ದಾಖಲೆಗಳನ್ನು ಕಾಯ್ದಿಡುವ ಪತ್ರಾಗಾರದ ಕೆಲಸ ರಜೆಗೇ ಸರಿ. ಅಲ್ಲಿ ಎಡವುವುದು ದಾಖಲೆಗಳ ಫೋಟೋ ತೆಗೆಯುವಾಗ. ಪುಟ ಸ್ಪಷ್ಟವಾಗಿಯೇ ಇರುತ್ತದೆ, ಯಾವ ಕಡತದ್ದೆಂದು ಮಾತ್ರ ತಿಳಿಯದು. ಅಡಿಟಿಪ್ಪಣಿ ಬರೆಯಲು ಕೂತಾಗ ಆ ಚಿತ್ರ ದಂಡ. ಪೆಟ್ಟಿಗೆ ಸಂಖ್ಯೆ, ಕಡತ ಸಂಖ್ಯೆ ಬರೆದ ಚೀಟಿಯನ್ನು ಕಡತದ ಮುಖಪುಟದ ಪಕ್ಕದಲ್ಲಿಟ್ಟು ಮೊದಲ ಚಿತ್ರ ತೆಗೆಯಿರಿ. ಹಾಳೆಯ ಹಿಂಬದಿಯನ್ನೂ ಬಿಡಬೇಡಿ, ಷರಾ, ಮೊಹರು ಎಷ್ಟೋ ಸಲ ಇರುವುದು ಅಲ್ಲೇ. ಟಿಪ್ಪಣಿ ಮಾಡುವಾಗ ಮೂಲದ ಮಾತಿಗೆ ಆಗಿಂದಾಗಲೇ ಉದ್ಧರಣ ಚಿಹ್ನೆ ಹಾಕಿ. ಇಲ್ಲದಿದ್ದರೆ ಮುಂದೆ ಅದು ನಿಮ್ಮದೇ ವಾಕ್ಯವೆಂಬಂತೆ ಲೇಖನದೊಳಗೆ ನುಸುಳುತ್ತದೆ, ಕೃತಿಚೌರ್ಯದ ಆರೋಪ ಬಂದಾಗ ಮರೆವನ್ನು ಯಾರೂ ಸಮಜಾಯಿಷಿ ಎಂದು ಒಪ್ಪುವುದಿಲ್ಲ.

ಲೇಖನವನ್ನು ತರಗತಿಗಳು ಬಿಗಿಯಾಗುವ ಮುಂಚೆ ಸಂಶೋಧನಾ ಪತ್ರಿಕೆಗೆ ಕಳಿಸಿಬಿಡಿ. ಪತ್ರಿಕೆಯ ಪರವಾಗಿ ಲೇಖನ ಓದಿ ಅಭಿಪ್ರಾಯ ಹೇಳುವ ಪರಿಶೀಲಕರ ವರದಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಪಾಠ ಸಾಗಿರುತ್ತದೆ. ತಡವಾಯಿತೆಂದು ಅದನ್ನೇ ಇನ್ನೊಂದು ಪತ್ರಿಕೆಗೂ ಕಳಿಸುವಂತಿಲ್ಲ, ಮೊದಲ ಪತ್ರಿಕೆಯಿಂದ ಹಿಂತೆಗೆದುಕೊಂಡ ಮೇಲಷ್ಟೇ ಕಳಿಸಬಹುದು.